ಹನ್ನೊಂದು ಗಂಟೆಯ ಕುರ್ಚಿ

ಮಾರ್ಚ್ 3, ಸೋಮವಾರ. ಉಳಿದದ್ದು 58 ದಿನ

ಇವತ್ತು ನಿವೃತ್ತಿ ಸಿದ್ಧತಾ ಶಿಬಿರ. ನೀರು ಸರಬರಾಜು ಕಚೇರಿಯಿಂದ ಮುಂದಿನ ತಿಂಗಳ ಕೊನೆಗೆ ಮನೆಗೆ ಹೋಗುವ ಒಂಬತ್ತು ಜನರನ್ನು ಸಾಲಾಗಿ ಕೂರಿಸಿ, ಮೂವತ್ತು ವರ್ಷ ದಾಟದ ತರಬೇತುದಾರನೊಬ್ಬ ಮುಪ್ಪಿನಲ್ಲಿ ಹೇಗೆ ಬದುಕಬೇಕೆಂದು ಹೇಳಿಕೊಟ್ಟ. ಆಮೇಲೆ ಒಬ್ಬೊಬ್ಬರಿಗೆ ಒಂದು ನೋಟ್‌ಬುಕ್ಕು, ಒಂದು ಫಾರಂ. ನೋಟ್‌ಬುಕ್ಕಿನಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಬೇಕಂತೆ, ಯಾರಿಗೂ ತೋರಿಸಬಾರದಂತೆ. ತೋರಿಸಲು ನನಗೇನು ಹುಚ್ಚೇ.

ಫಾರಂನ ಹೆಸರು ‘ನಿವೃತ್ತಿಯ ನಂತರ ನನ್ನ ಒಂದು ದಿನ’. ಗಂಟೆಗೊಂದು ಗೆರೆ. ಐದಕ್ಕೆ ಏಳುವುದು, ಆರಕ್ಕೆ ನಡೆಯುವುದು, ಏಳಕ್ಕೆ ಸ್ನಾನ, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಪೇಪರು, ಹತ್ತಕ್ಕೂ ಪೇಪರು ಎಂದು ಬರೆದೆ. ಹನ್ನೊಂದರ ಗೆರೆಯಲ್ಲಿ ಪೆನ್ನು ನಿಂತುಬಿಟ್ಟಿತು. ಮೂವತ್ತನಾಲ್ಕು ವರ್ಷ ಬೆಳಗ್ಗೆ ಐದರಿಂದ ಮಧ್ಯಾಹ್ನ ಎರಡರವರೆಗೆ ಬೀದಿ ಬೀದಿಗೆ ನೀರು ಬಿಟ್ಟವನು ನಾನು. ರಸ್ತೆಯಡಿಯ ಚೇಂಬರಿನ ಮುಚ್ಚಳ ಎತ್ತುವುದು, ಆಳೆತ್ತರದ ಕಬ್ಬಿಣದ ಕೀ ಇಳಿಸುವುದು, ವಾಲ್ವ್ ತಿರುಗಿಸುವುದು. ನನ್ನ ಕೈಕೆಳಗೆ ಅರವತ್ತೇಳು ವಾಲ್ವುಗಳಿವೆ. ಯಾವುದಕ್ಕೆ ಎಷ್ಟು ಸುತ್ತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ತೋಳಿಗೆ ಗೊತ್ತು. ವಾರದ ದಿನ ಹನ್ನೊಂದು ಗಂಟೆಗೆ ಮನುಷ್ಯರು ಮನೆಯಲ್ಲಿ ಕೂತು ಏನು ಮಾಡುತ್ತಾರೆ ಎಂಬುದು ಮಾತ್ರ ಗೊತ್ತಿಲ್ಲ.

ಪಕ್ಕದಲ್ಲಿದ್ದ ಮೀಟರ್ ಓದುವವನು ಫಾರಂನ ಎರಡೂ ಬದಿ ತುಂಬಿಸಿ ಹೆಚ್ಚುವರಿ ಹಾಳೆ ಕೇಳಿದ. ಮೀನು ಸಾಕುತ್ತಾನಂತೆ, ಪಿಟೀಲು ಕಲಿಯುತ್ತಾನಂತೆ. ಅವನ ಅಕ್ಷರವೂ ನನ್ನದಕ್ಕಿಂತ ದುಂಡಗಿದೆ. ನೋಡಿ ಹೊಟ್ಟೆ ಉರಿಯಿತು. ಫಾರಂ ಮಡಚಿ ಈ ನೋಟ್‌ಬುಕ್ಕಿನಲ್ಲಿ ಇಟ್ಟಿದ್ದೇನೆ.

ಮಾರ್ಚ್ 5, ಬುಧವಾರ. 56 ದಿನ

ಇಂಜಿನಿಯರು ನಿನ್ನೆ ಕರೆದು, “ನಿಮ್ಮ ರಜೆ ಎಲ್ಲಾ ಕೊಳೀತಾ ಬಿದ್ದಿದೆ. ಪ್ರತಿ ಬುಧವಾರ ತಗೊಂಡು ಮನೇಲಿರೋದು ಅಭ್ಯಾಸ ಮಾಡ್ಕೊಳ್ಳಿ” ಎಂದರು. ನನ್ನ ಜಾಗಕ್ಕೆ ಬರುವವಳು ಆ ದಿನ ಒಬ್ಬಳೇ ಬೀದಿ ನೋಡಿಕೊಳ್ಳುತ್ತಾಳೆ. ಚುರುಕಿನ ಹೆಣ್ಣು. ಅದೂ ನನಗೆ ಸಮಾಧಾನದ ಸಂಗತಿಯಲ್ಲ.

ಹಾಗಾಗಿ ಇವತ್ತು ನಿವೃತ್ತಿಯ ಮೊದಲ ಪಾಠ. ಹತ್ತೂವರೆವರೆಗೆ ಪೇಪರು ಓದಿದೆ, ಜಾಹೀರಾತನ್ನೂ ಬಿಡಲಿಲ್ಲ. ಮುಂದಿನ ಕೋಣೆ ನನ್ನ ಹೆಂಡತಿಯ ಹೊಲಿಗೆ ಅಂಗಡಿ, ಇಪ್ಪತ್ತು ವರ್ಷದಿಂದ ನಡೆಯುತ್ತಿದೆ. ಈಗ ಶಾಲೆಯ ಸಮವಸ್ತ್ರದ ಕಾಲ, ಬಿಳಿ ಶರ್ಟುಗಳ ಗುಡ್ಡೆ ಬಿದ್ದಿದೆ.

ಸರಿಯಾಗಿ ಹನ್ನೊಂದಕ್ಕೆ ಒಬ್ಬ ಗಂಡಸು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಎಲ್ಲಿ ಬಿಡಲಿ ಎಂದು ಹುಡುಕಲಿಲ್ಲ, ಅದಕ್ಕೊಂದು ಜಾಗ ಮೊದಲೇ ಇತ್ತು. ನೇರ ಹೋಗಿ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತ. ನಾನು ಭಾನುವಾರ ಕೂರುವ ಕುರ್ಚಿ ಅದು! ಇವಳು ತಲೆ ಎತ್ತದೆಯೇ ಒಂದಷ್ಟು ಶರ್ಟು ಅವನ ಮಡಿಲಿಗೆ ಹಾಕಿದಳು. ಅವನು ಜೇಬಿನಿಂದ ಕನ್ನಡಕ ತೆಗೆದು, ಸೂಜಿಗೆ ದಾರ ಪೋಣಿಸಿ, ಗುಂಡಿ ಹೊಲಿಯತೊಡಗಿದ.

“ರೀ, ಇವ್ರೇ ನಮ್ ಪೋಸ್ಟಣ್ಣ” ಎಂದಳು.

“ಓ, ಭಾವ! ಕೊನೆಗೂ ನಿಮ್ಮ ದರ್ಶನ ಆಯ್ತು” ಎಂದು ಅವನು ಎದ್ದು ನಿಂತ. ಇವಳಿಗೆ ಅಣ್ಣನಂತೆ, ಆದ್ದರಿಂದ ನಾನು ಭಾವನಂತೆ. ನೆಂಟಸ್ತನ ಎಷ್ಟು ಸುಲಭವಾಗಿ ಆಗಿಬಿಡುತ್ತದೆ ನೋಡಿ! ಪೋಸ್ಟ್‌ಮ್ಯಾನ್ ಕೆಲಸದಿಂದ ನಿವೃತ್ತನಾಗಿ ಮೂರು ವರ್ಷವಾಯಿತು, ಎರಡು ವರ್ಷದಿಂದ ಭಾನುವಾರ ಬಿಟ್ಟು ದಿನಾ ಬರುತ್ತಿದ್ದಾನೆ. ಹನ್ನೊಂದರಿಂದ ಹನ್ನೆರಡು. ಟೀ ಬಂತು, ಅವನದು ನನ್ನ ನೀಲಿ ಪಟ್ಟಿಯ ಲೋಟದಲ್ಲಿ, ನನ್ನದು ನೆಂಟರ ಲೋಟದಲ್ಲಿ.

ಅವನು ಒಂದು ಕಥೆ ಹೇಳಿದ. ಯಾವುದೋ ಬೀದಿಯ ನಾಯಿ ಎಂಟು ವರ್ಷ ಅವನ ಸೈಕಲ್ಲನ್ನು ಅಟ್ಟಿಸಿಕೊಂಡು ಬಂದು, ಅವನು ಕೊನೆಯ ಸಲ ಟಪಾಲು ಕೊಡಲು ಹೋದ ದಿನ ಬಾಲ ಅಲ್ಲಾಡಿಸಿತಂತೆ. “ನನ್ನ ನಿವೃತ್ತಿಗೆ ಅಷ್ಟು ಖುಷಿಪಟ್ಟೋರು ಬೇರೆ ಯಾರೂ ಇಲ್ಲ ಕಣಮ್ಮಾ” ಎಂದ. ಇವಳು ಕತ್ತರಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವನ್ನು ನಾನು ಯಾವತ್ತು ಕೇಳಿದ್ದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಸಿಗಲಿಲ್ಲ.

ಮಾರ್ಚ್ 6, ಗುರುವಾರ. 55

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಎರಡು ವರ್ಷದಿಂದ ಒಬ್ಬ ಮನುಷ್ಯ ದಿನಾ ಮನೆಗೆ ಬರ್ತಾನೆ, ನನಗೊಂದು ಮಾತು ಹೇಳ್ಬಾರದಾ?”

“ಹೇಳಿದ್ದೆ. ಮೂರು ಸಲ ಹೇಳಿದ್ದೆ. ಹೂಂ ಅಂದಿದ್ರಿ.”

“ಆ ಲೋಟ ನನ್ನದು.”

“ಲೋಟ ಅಲ್ವಾ? ತೊಳೆದಿಟ್ಟಿದ್ದೀನಿ, ಎತ್ಕೊಂಡು ಹೋಗಿ ಬೀರುಲಿಟ್ಟು ಬೀಗ ಹಾಕ್ಕೊಳ್ಳಿ.”

ಮಗಳಿಗೆ ಫೋನ್ ಮಾಡಿದರೆ ಅವಳದ್ದು ಇನ್ನೊಂದು ರಾಗ. “ಅಪ್ಪಾ, ರಿಟೈರ್ ಆದ್ಮೇಲೆ ಅಮ್ಮನ ಕೆಲಸದಲ್ಲಿ ಮೂಗು ತೂರಿಸ್ಬೇಡಿ, ಪ್ಲೀಸ್” ಎಂದಳು. ಪೋಸ್ಟಣ್ಣನ ಮೂಗಿಗೆ ಈ ಮಾತು ಅನ್ವಯಿಸುವುದಿಲ್ಲವೇನೋ.

ನಿಜ ಹೇಳಬೇಕೆಂದರೆ ಲೋಟ ನನಗೆ ಮುಖ್ಯವಲ್ಲ. ಈ ಮನೆಯಲ್ಲಿ ನಿವೃತ್ತನಾದ ಗಂಡಸೊಬ್ಬ ಕೂರುವ ಜಾಗ ಇದ್ದದ್ದು ಒಂದೇ ಒಂದು. ಅದು ಆಗಲೇ ಭರ್ತಿಯಾಗಿದೆ.

ಮಾರ್ಚ್ 12, ಬುಧವಾರ. 49

ಇವತ್ತು ಹತ್ತೂ ಮುಕ್ಕಾಲಿಗೇ ಹೋಗಿ ಬೆತ್ತದ ಕುರ್ಚಿ ಹಿಡಿದೆ. ಅವನು ಬಂದ, ನೋಡಿದ, ಮಾತಾಡದೆ ಸ್ಟೂಲು ಎಳೆದುಕೊಂಡು ಮೆಷಿನ್ನಿನ ಪಕ್ಕ ಕೂತ. ಅಂದರೆ ಇವಳಿಗೆ ಇನ್ನೂ ಎರಡಡಿ ಹತ್ತಿರವಾದ. ನನ್ನ ಬುದ್ಧಿಗೆ ಏನು ಹೇಳಲಿ.

“ನನಗೂ ಏನಾದ್ರೂ ಕೊಡೇ” ಎಂದೆ. ಗುಂಡಿ ಕೊಟ್ಟಳು. ವಾಲ್ವ್ ಕೀ ಹಿಡಿದು ಹಿಡಿದು ದಪ್ಪಗಾದ ಬೆರಳಿಗೆ ಸೂಜಿ ಸಿಗುವುದೇ ಕಷ್ಟ. ಎರಡು ಸಲ ಚುಚ್ಚಿಕೊಂಡೆ, ಬಿಳಿ ಶರ್ಟಿನ ಮೇಲೆ ಒಂದು ಹನಿ ರಕ್ತ ಬಿತ್ತು. ಇವಳು ಅದನ್ನು ಕಿತ್ತುಕೊಂಡು ಒಳಗೆ ತೊಳೆಯಲು ಹೋದಳು. ಆ ಹೊತ್ತಿನಲ್ಲಿ, ಏನಾದರೂ ಮಾಡಿ ತೋರಿಸೋಣವೆಂದು ಮೆಷಿನ್ನಿಗೆ ಕೂತು ಕಾಲಾಡಿಸಿದೆ. ಅದು ಬಡಬಡನೆ ಓಡತೊಡಗಿತು. ಒಳಗಿನಿಂದ ಇವಳು, “ನಿಲ್ಸೀ, ನಿಲ್ಸೀ!” ಎಂದು ಕೂಗಿದಳು.

ನನಗೆ ನಿಲ್ಲಿಸುವುದು ಎಂದರೆ ಒಂದೇ ದಿಕ್ಕು. ವಾಲ್ವ್ ಬಂದ್ ಮಾಡುವಂತೆ ಚಕ್ರವನ್ನು ಬಲಕ್ಕೆ ಗಟ್ಟಿಯಾಗಿ ತಿರುಗಿಸಿದೆ. ಮೆಷಿನ್ನಿನ ಚಕ್ರವನ್ನು ಹಾಗೆ ಹಿಂದಕ್ಕೆ ತಿರುಗಿಸಬಾರದಂತೆ. ದಾರವೆಲ್ಲ ಬಾಬಿನ್ನಿಗೆ ಸುತ್ತಿಕೊಂಡು ಗಂಟಾಗಿ, ಸೂಜಿ ಪಟ್ಟೆಂದು ಮುರಿಯಿತು.

ಪೋಸ್ಟಣ್ಣ ನಕ್ಕ. ಕೆಟ್ಟ ನಗುವಲ್ಲ, ಅದೇ ಇನ್ನೂ ಉರಿಸಿತು. “ಭಾವ, ನೀವು ಊರಿಗೆಲ್ಲಾ ನೀರು ನಿಲ್ಸೋರು, ನಮ್ ಟೈಲರಮ್ಮನ ದಾರ ನಿಲ್ಸಕ್ಕಾಗುತ್ತಾ?” ಎಂದು ಬಗ್ಗಿ, ಚಿಮುಟದಲ್ಲಿ ಒಂದೊಂದೇ ಎಳೆ ಬಿಡಿಸಿದ. ಇವಳು ನನಗೆ ಹೇಳಿದ್ದು ಇಷ್ಟೇ: “ನೀವು ಒಂದು ಸುತ್ತು ನಡ್ಕೊಂಡು ಬನ್ನಿ.”

ನನ್ನ ಮನೆಯಿಂದ ನನ್ನನ್ನೇ ವಾಕಿಂಗಿಗೆ ಕಳಿಸಿದಳು.

ಮಾರ್ಚ್ 13, ಗುರುವಾರ. 48

ಹಿಂದಿನ ಓಣಿಯ ವಾಲ್ವಿಗೆ ಹದಿನೆಂಟು ಸುತ್ತು. ಪೋಸ್ಟಣ್ಣನ ಮನೆ ಆ ಓಣಿಯ ಕೊನೆಯಲ್ಲಿ, ಮಹಡಿಯ ಮೇಲೆ.

ಇವತ್ತು ಹತ್ತು ಕೊಟ್ಟೆ.

ಹತ್ತಕ್ಕೆ ನೀರು ಕೆಳಗಿನ ನಲ್ಲಿಗೆ ಬರುತ್ತದೆ, ಮಹಡಿಯ ಟ್ಯಾಂಕಿಗೆ ಏರುವುದಿಲ್ಲ. ಹನ್ನೊಂದು ಗಂಟೆಗೆ ನೀರು ಹಿಡಿಯುತ್ತ ಮನೆಯಲ್ಲೇ ಬಿದ್ದಿರಲಿ. ನನ್ನ ಜೊತೆಗಿದ್ದ ಹೊಸಬಳು, “ಇದಕ್ಕೆಷ್ಟು ಸಾರ್?” ಎಂದು ಪೆನ್ನು ತೆಗೆದಳು. ಹತ್ತು ಎಂದೆ. ಬರೆದುಕೊಂಡಳು.

ಮಾರ್ಚ್ 19, ಬುಧವಾರ. 42

ನನ್ನ ಹಣೆಬರಹಕ್ಕೆ ನಗಬೇಕೋ ಅಳಬೇಕೋ ತಿಳಿಯದು. ಹನ್ನೊಂದಕ್ಕೆ ಪೋಸ್ಟಣ್ಣ ಬಂದ, ಎರಡು ದೊಡ್ಡ ಕ್ಯಾನು ಹಿಡಿದುಕೊಂಡು! ಟ್ಯಾಂಕಿಗೆ ನೀರು ಏರುತ್ತಿಲ್ಲವಂತೆ, ಕೆಳಗಿನ ನಲ್ಲಿಯದ್ದು ಸಾಲುತ್ತಿಲ್ಲವಂತೆ. ಇವಳು ನಮ್ಮ ಹಿತ್ತಲ ನಲ್ಲಿ ತೋರಿಸಿ, ಕ್ಯಾನು ತುಂಬುವವರೆಗೆ ಕೂರಿಸಿ, ಎರಡನೆಯ ಸಲ ಟೀ ಕೊಟ್ಟು, “ಪಾಪ, ಪಾಪ” ಎಂದು ಆರು ಸಲ ಹೇಳಿದಳು. ಮೂವತ್ತನಾಲ್ಕು ವರ್ಷ ಮಳೆ ಬಿಸಿಲೆನ್ನದೆ ಊರಿಗೆ ನೀರು ಬಿಟ್ಟಿದ್ದೇನೆ, ನನಗೆ ಒಂದು ಪಾಪವೂ ಬಂದಿಲ್ಲ.

ಕ್ಯಾನು ಎತ್ತುವಾಗ ಅವನು ನನ್ನ ಕಡೆ ತಿರುಗಿದ. “ಭಾವ, ನಮ್ ಓಣಿ ಪೈಪು ಸ್ವಲ್ಪ ನೋಡ್ತೀರಾ? ನಿಮಗಾದ್ರೆ ಗೊತ್ತಾಗತ್ತೆ.”

“ಹಳೇ ಪೈಪು. ಒಳಗೆ ತುಕ್ಕು ಕಟ್ಟಿರತ್ತೆ” ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಮಾರ್ಚ್ 26, ಬುಧವಾರ. 35

ಶನಿವಾರದಿಂದ ಅವನು ಬಂದಿಲ್ಲ. ಹನ್ನೊಂದಕ್ಕೆ ಬೆತ್ತದ ಕುರ್ಚಿ ನನ್ನದಾಯಿತು, ನೀಲಿ ಪಟ್ಟಿಯ ಲೋಟದಲ್ಲಿ ಟೀ ಬಂತು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು.

ಇವಳು ಗೇಟಿನ ಕಡೆ ನೋಡುತ್ತಾಳೆ. ಒಂದು ಕಾಲರು ಹೊಲಿದು ನೋಡುತ್ತಾಳೆ, ಇನ್ನೊಂದು ಹೊಲಿದು ಮತ್ತೆ ನೋಡುತ್ತಾಳೆ. ಸೂಜಿಗೆ ಪೋಣಿಸಲು ದಾರದ ತುದಿಯನ್ನು ಮೂರು ಸಲ ಬಾಯಲ್ಲಿ ಕಚ್ಚಿದಳು. ನಾನು ಒಂದು ಜೋಕು ಹೇಳಿದೆ, ಮೀಟರ್ ಓದುವವನು ಮೀನು ಸಾಕುವ ವಿಷಯ. “ಹೌದಾ” ಎಂದಳು.

ನಾನು ದಿನಾ ಎರಡೂವರೆಗೆ ಮನೆಗೆ ಬರುವವನು. ಎರಡೂವರೆಗೆ ಇವಳು ಗೇಟಿನ ಕಡೆ ನೋಡಿದ್ದಾಳೋ ಇಲ್ಲವೋ, ಯಾರನ್ನು ಕೇಳಲಿ. ಅವನು ಬಂದರೂ ಉರಿ, ಬಾರದಿದ್ದರೂ ಉರಿ.

ಮಾರ್ಚ್ 28, ಶುಕ್ರವಾರ

“ನೀವೇ ನೀರಿನೋರು. ಒಂದ್ಸಲ ಹೋಗಿ ನೋಡ್ಕೊಂಡು ಬರೋಕಾಗಲ್ವಾ?” ಎಂದು ಇವಳು ಗದರಿದ್ದಕ್ಕೆ ಡ್ಯೂಟಿ ಮುಗಿಸಿ ಹೋದೆ.

ಇಪ್ಪತ್ತಮೂರು ಮೆಟ್ಟಿಲು. ಪ್ರತಿ ಮೆಟ್ಟಿಲೂ ಒದ್ದೆ. ಮೇಲೆ ಒಂದೇ ಕೋಣೆ, ಮಂಚದ ಮೇಲೆ ಅವನ ಹೆಂಡತಿ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಎರಡು ವರ್ಷವಾಯಿತಂತೆ. ಬಾಗಿಲ ಬಳಿ ಒಗೆಯದ ಬೆಡ್‌ಶೀಟುಗಳ ರಾಶಿ. ಪೋಸ್ಟಣ್ಣ ಬಲಗೈಯನ್ನು ಎದೆಗೆ ಕಟ್ಟಿಕೊಂಡಿದ್ದ, ಬಕೆಟ್ ಹೊತ್ತು ಭುಜ ಹಿಡಿದುಕೊಂಡಿದೆ. ಹೆಂಡತಿಯನ್ನು ನೋಡಿಕೊಳ್ಳಲು ದಿನಾ ಹನ್ನೊಂದರಿಂದ ಹನ್ನೆರಡಕ್ಕೆ ಒಬ್ಬ ಆಯಾ ಬರುತ್ತಿದ್ದಳು. ಆ ಒಂದು ಗಂಟೆ ಮಾತ್ರ ಅವನಿಗೆ ಬಿಡುವು. ಕೆಳಗಿನಿಂದ ನೀರು ಹೊತ್ತು ಒಗೆಯಲು ನನ್ನಿಂದಾಗದು ಎಂದು ಆಯಾ ಬಿಟ್ಟುಹೋದಳು.

“ಬನ್ನಿ ಭಾವ, ಕೂತ್ಕೊಳ್ಳಿ. ಪೈಪ್ ನೋಡೋಕೆ ಬಂದ್ರಾ? ನಿಮಗೆ ತೊಂದರೆ ಕೊಟ್ಟೆ” ಎಂದ.

ಅಲ್ಲಿ ಕೂರಲಾಗಲಿಲ್ಲ. ಇವತ್ತು ಹೆಚ್ಚು ಬರೆಯಲಾರೆ.

ಮಾರ್ಚ್ 29, ಶನಿವಾರ

ಹದಿನೆಂಟು ಕೊಟ್ಟೆ. ಸಾಲದೆಂದು ಇನ್ನೊಂದು. ಕೀಗೆ ಒರಗಿ ಓಣಿಯಲ್ಲೇ ನಿಂತೆ. ಮಹಡಿಯ ಟ್ಯಾಂಕಿಗೆ ನೀರು ಬೀಳುವ ಸದ್ದು ಬರುವವರೆಗೆ ಅಲುಗಾಡಲಿಲ್ಲ.

ಹೊಸಬಳು ತನ್ನ ಪುಸ್ತಕ ತೆಗೆದು, “ಹತ್ತು ಅಂದಿದ್ರಲ್ಲಾ ಸಾರ್?” ಎಂದಳು.

“ತಪ್ಪು ಹೇಳಿದ್ದೆ. ಹದಿನೆಂಟು. ದಪ್ಪಕ್ಷರದಲ್ಲಿ ಬರ್ಕೋ.”

ಅವಳು ನನ್ನ ಮುಖ ನೋಡಿದಳು. ಆ ಪುಸ್ತಕದಲ್ಲಿ ಹೊಡೆದುಹಾಕಿದ್ದು ಅದೊಂದೇ ಸಾಲು.

ಏಪ್ರಿಲ್ 9, ಬುಧವಾರ

ನೀರು ಬಂತು, ಆಯಾ ಬರಲಿಲ್ಲ. ಅವಳಿಗೆ ಬೇರೆ ಮನೆ ಸಿಕ್ಕಿದೆ. ಪೋಸ್ಟಣ್ಣನ ಭುಜ ವಾಸಿಯಾಗಿದೆ, ಆದರೆ ಹೆಂಡತಿಯನ್ನು ಒಬ್ಬಳೇ ಬಿಟ್ಟು ಹೊರಡುವಂತಿಲ್ಲ.

ಇವಳು ಗುಂಡಿ ಹೊಲಿಯುತ್ತ, “ಆ ಒಂದು ಗಂಟೆ ಇಲ್ಲಿ ಕೂತು ಎದ್ರೆ, ಮಿಕ್ಕ ಇಪ್ಪತ್ಮೂರು ಗಂಟೆ ಹೇಗೋ ತಳ್ತೀನಿ ತಂಗಿ ಅಂತಿದ್ರು” ಎಂದಳು. ಕಣ್ಣು ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ, ಒಳ್ಳೆಯದೇ ಆಯಿತು.

ನಾಚಿಕೆ ಬಿಟ್ಟು ಬರೆಯುತ್ತೇನೆ. ಆಗಲೂ ನನ್ನ ತಲೆಗೆ ಬಂದದ್ದು ಒಂದೇ. ನಾನು ಇಲ್ಲದಿದ್ದರೆ ಇವಳು ಹೀಗೆ ಕಣ್ಣು ಒರೆಸಿಕೊಳ್ಳುತ್ತಾಳೆಯೇ ಎಂದು. ಇಂಥ ಹೊತ್ತಿನಲ್ಲೂ ಇಂಥ ಯೋಚನೆ ಬರುವ ಮನುಷ್ಯ ನಾನು. ಇವತ್ತು ನಾಲ್ಕು ಗುಂಡಿ ಹೊಲಿದೆ, ರಕ್ತ ಬರಲಿಲ್ಲ.

ಏಪ್ರಿಲ್ 16, ಬುಧವಾರ

ಹತ್ತೂ ಐವತ್ತಕ್ಕೆ ಮೆಟ್ಟಿಲು ಹತ್ತಿದೆ.

“ನೀವು ಹೋಗಿ. ಹನ್ನೆರಡರ ತನಕ ನಾನಿರ್ತೀನಿ” ಎಂದೆ.

“ಎಲ್ಲಿಗೆ ಭಾವ?”

“ಎಲ್ಲಿಗೆ ಅಂದ್ರೆ? ನಿಮ್ಮ ಕೆಲಸಕ್ಕೆ. ಗುಂಡಿ ಇಲ್ದೇ ನಲವತ್ತು ಶರ್ಟು ಬಿದ್ದಿವೆ.” ಅವನು ಇನ್ನೂ ನಿಂತೇ ಇದ್ದ. “ಅಲ್ಲಿ ಆ ಮೆಷಿನ್ ಶಬ್ದ ನನಗೆ ತಲೆನೋವು. ಇಲ್ಲಿ ಪೇಪರ್ ಓದ್ಕೊಂಡಿರ್ತೀನಿ” ಎಂದು ಸೇರಿಸಿದೆ.

ಅವನು ಅಂಗಿ ಬದಲಿಸಿದ, ತಲೆ ಬಾಚಿದ. ಬಾಚಿದ್ದು ನನಗೆ ಹಿಡಿಸಲಿಲ್ಲ. ಒಂದೊಂದು ಮೆಟ್ಟಿಲು ಬಿಟ್ಟು ಹಾರಿಕೊಂಡು ಇಳಿದ.

ಅವನ ಹೆಂಡತಿ ಒಂದು ಗಂಟೆಯಲ್ಲಿ ಒಂದೇ ಮಾತಾಡಿದ್ದು: “ನೀರು.” ಕೊಟ್ಟೆ. ಉಳಿದ ಹೊತ್ತೆಲ್ಲ ಗಡಿಯಾರ ನೋಡುತ್ತಿದ್ದರು.

ಏಪ್ರಿಲ್ 23, ಬುಧವಾರ

ಅವನು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಆಕೆ ಕೇಳಿದರು. “ನಿಮ್ಮ ಮನೆಯೋರು ಹೇಗ್ ನಗ್ತಾರೆ?”

“ಅಂದ್ರೆ?” ಎಂದೆ.

“ಇವ್ರು ಹನ್ನೆರಡಕ್ಕೆ ಓಣಿಗೆ ಬಂದಾಗ ಕಿಟಕೀಲಿ ನೋಡ್ತೀನಿ, ಮುಖದಲ್ಲಿ ಇನ್ನೂ ನಗು ಇರತ್ತೆ. ಮೆಟ್ಟಿಲು ಹತ್ತೋ ಅಷ್ಟರಲ್ಲಿ ಒರೆಸ್ಕೊಂಡು ಬರ್ತಾರೆ, ಮಲಗಿರೋಳಿಗೆ ನೋವಾಗತ್ತೆ ಅಂತ. ನನಗೆ ಕಾಲು ಆಡಲ್ಲ, ಕಣ್ಣು ಕಾಣತ್ತೆ. ಆ ನಗು ಮೇಲಕ್ಕೆ ಯಾಕೆ ತರಲ್ಲ ಇವ್ರು?”

ಪೇಪರು ಮಡಚಿ ಪಕ್ಕಕ್ಕಿಟ್ಟೆ. “ನಮ್ಮಲ್ಲೂ ಅದೇ ಕಥೆ. ಹೊರಗೆ ನಗ್ತಾ ಇರ್ತಾಳೆ. ನಾನು ಒಳಗೆ ಕಾಲಿಟ್ರೆ ‘ಕೈ ತೊಳ್ಕೊಳ್ಳಿ’ ಅಂತಾಳೆ” ಎಂದೆ.

“ಉರಿಯತ್ತಾ?”

“ಎದೆಯಿಂದ ಹಿಡಿದು ಹೊಟ್ಟೆವರೆಗೂ.”

“ನನಗೆ ಅಷ್ಟರಲ್ಲೇ ನಿಲ್ಲತ್ತೆ, ಕೆಳಗಡೆ ಸ್ಪರ್ಶ ಇಲ್ವಲ್ಲ” ಎಂದರು. ನಗಬಹುದೋ ಬೇಡವೋ ತಿಳಿಯಲಿಲ್ಲ. ಆಕೆಯೇ ಮೊದಲು ನಕ್ಕರು. ನಾಯಿ ಬಾಲ ಅಲ್ಲಾಡಿಸಿದ ಕಥೆ ಹೇಳಿದೆ. ಅದನ್ನು ಗಂಡ ಆಕೆಗೆ ಹೇಳಿಯೇ ಇರಲಿಲ್ಲ. ಇಬ್ಬರೂ ಸೇರಿ ಅವನನ್ನು ಚೆನ್ನಾಗಿ ಬೈದೆವು.

ಏಪ್ರಿಲ್ 30, ಬುಧವಾರ

ಬೆಳಗ್ಗೆ ಅರವತ್ತೇಳು ವಾಲ್ವುಗಳ ಸುತ್ತನ್ನೂ ಹೊಸಬಳಿಗೆ ಇನ್ನೊಮ್ಮೆ ಹೇಳಿದೆ. ಅವಳ ಪುಸ್ತಕ ಒದ್ದೆಯಾಗಿತ್ತು. ಈ ನೋಟ್‌ಬುಕ್ಕಿನಲ್ಲಿ ಯಾವುದೋ ಹಳೆಯ ಫಾರಂ ಸಿಕ್ಕಿತು, ಅದರ ಹಿಂಬದಿಯಲ್ಲೇ ಎಲ್ಲ ಬರೆದು ಅವಳಿಗೆ ಕೊಟ್ಟೆ. ಕೀಯನ್ನೂ ಕೊಟ್ಟೆ. ಭುಜ ಹಗುರವಾಗಿ, ನಡೆಯುವಾಗ ಒಂದು ಕಡೆ ವಾಲಿದಂತಾಯಿತು.

ಮಧ್ಯಾಹ್ನ ಬೀಳ್ಕೊಡುಗೆ. ಇಂಜಿನಿಯರು, “ಇವರ ನೀರಿನ ಮೇಲೆ ಮೂವತ್ನಾಲ್ಕು ವರ್ಷದಲ್ಲಿ ಒಂದೇ ಒಂದು ದೂರಿಲ್ಲ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೋಸ್ಟಣ್ಣ ದೂರು ಕೊಡುವ ಜಾತಿಯ ಮನುಷ್ಯನಲ್ಲ. ಎದುರು ಸಾಲಿನಲ್ಲಿ ಇವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಎರಡು ತಿಂಗಳ ಹಿಂದಾಗಿದ್ದರೆ ಉಬ್ಬಿಹೋಗುತ್ತಿದ್ದೆ. ಇವತ್ತು ಆ ಸದ್ದು ನಿಂತರೆ ಸಾಕಾಗಿತ್ತು.

ಮೇ 2, ಶುಕ್ರವಾರ

ಬೆಳಗ್ಗೆ ಪೇಪರು ಓದಲು ಹೊತ್ತು ಸಿಗಲಿಲ್ಲ. ಕಾಲರಿನ ಗುಂಡಿ ಹನ್ನೆರಡು ಹೊಲಿದುಕೊಟ್ಟು ಹೊರಟೆ. ನಾನು ಚಪ್ಪಲಿ ಮೆಟ್ಟುವಾಗ ಇವಳು ಮೆಷಿನ್ ನಿಲ್ಲಿಸಿ, “ಹನ್ನೆರಡಕ್ಕೆ ಬರ್ತೀರಲ್ವಾ?” ಎಂದಳು. ಬರುತ್ತೇನೆ ಎಂದೆ.

ಪೋಸ್ಟಣ್ಣ ಹೋದ ಮೇಲೆ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಆಕೆಗೆ ಹೇಳಿದೆ. ಮೊದಲೇ ಮಾತು ಜೋಡಿಸಿಕೊಂಡಿದ್ದೆ, ಬಾಯಿ ತೆರೆದಾಗ ಒಂದೂ ಉಳಿಯಲಿಲ್ಲ. “ಮಾರ್ಚಲ್ಲಿ ಹದಿನೈದು ದಿನ ನಿಮಗೆ ನೀರು ಏರಲಿಲ್ಲ. ಪೈಪಲ್ಲಿ ತುಕ್ಕಿರಲಿಲ್ಲ. ನಾನೇ ಕಮ್ಮಿ ಬಿಟ್ಟಿದ್ದೆ” ಎಂದೆ.

ಆಕೆ “ಯಾಕೆ?” ಎಂದು ಕೇಳಲಿಲ್ಲ.

“ಆ ಹದಿನೈದು ದಿನ ನಾನು ನೀರು ಕುಡಿಯೋದೇ ಬಿಟ್ಟಿದ್ದೆ” ಎಂದರು. “ಕುಡಿದ್ರೆ ಮತ್ತೆ ಬೆಡ್‌ಶೀಟು, ಮತ್ತೆ ಬಕೆಟ್ಟು. ತುಟಿ ಒಡೆದು ರಕ್ತ ಬರ್ತಿತ್ತು.”

ನಾನು ತಲೆ ತಗ್ಗಿಸಿದೆ. ಎದ್ದು ಹೋಗು ಎಂದರೆ ಎದ್ದು ಹೋಗುವುದು, ನಾಳೆ ಬಾ ಎಂದರೆ ಬರುವುದು, ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು. ಮೇಲೆ ಟ್ಯಾಂಕಿಗೆ ನೀರು ಬೀಳುತ್ತಿತ್ತು. ಹೊಸಬಳು ಸರಿಯಾಗಿ ಹದಿನೆಂಟು ಕೊಟ್ಟಿದ್ದಳು.

“ಇವ್ರಿಗೆ ಹೇಳ್ಬೇಡಿ. ನಿಮ್ಮನ್ನ ಬಾಯ್ತುಂಬ ಭಾವ ಅಂತಾರೆ” ಎಂದರು ಆಕೆ. ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು. “ಎಷ್ಟು ಕಮ್ಮಿ ಬಿಟ್ರಿ?”

“ಹದಿನೆಂಟು ಸುತ್ತಿಗೆ ಹತ್ತು.”

“ಹತ್ತಾ?” ಎಂದು ಮೂಗು ಮುರಿದರು. “ಆ ಕೀ ನನ್ನ ಕೈಲಿದ್ದಿದ್ರೆ, ನಿಮ್ಮ ಬೀದಿಗೆ ಪೂರ್ತಿ ಬಂದ್ ಮಾಡ್ತಿದ್ದೆ.”

ನಾನು ನಕ್ಕೆ. ಆಕೆಯೂ ನಕ್ಕರು, ಮಂಚ ಕಿರುಗುಟ್ಟುವಂತೆ, ಕಣ್ಣಲ್ಲಿ ನೀರು ಬರುವಂತೆ. ಹನ್ನೆರಡಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಮೆಟ್ಟಿಲ ಮೇಲೆ ಪೋಸ್ಟಣ್ಣನ ಹೆಜ್ಜೆ ಕೇಳಿಸಿತು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಇಬ್ಬರೂ ಮುಖ ಒರೆಸಿಕೊಂಡೆವು.